ಕೂಲಿ ಏರಬೇಕಾದರೆ ಬಸ್ಸು ಬರಬೇಕು

ಕೆರಾಡಿ: "ಕೆಲಸಕ್ಕೆ ಜನವೇ ಸಿಕ್ಕುದಿಲ್ಲ ಮಾರಾಯ್ರೆ" – ಅಡಿಕೆ ಕೊಯ್ಲಿನ ಹೊತ್ತಿಗೆ ನಮ್ಮಲ್ಲಿ ಕೇಳುವ ಮಾತಿದು. ಮರ ಹತ್ತುವವನಿಗೆ ಹತ್ತು ತೋಟದಿಂದ ಕರೆ. ಕೂಲಿ ಎಷ್ಟೆಂದು ಅವನೇ ಹೇಳುತ್ತಾನೆ. ಗೇರುಬೀಜ ಕಾರ್ಖಾನೆಗೆ ಹೋಗುವ ಹೆಂಗಸರ ಕಥೆ ಬೇರೆ. ನಡೆದು ಮುಟ್ಟುವ ದೂರದಲ್ಲಿ ಒಂದೇ ಕಾರ್ಖಾನೆ ಇದ್ದರೆ, ಧಣಿ ಹೇಳಿದ್ದೇ ದರ.

ಹೊರರಾಜ್ಯದಿಂದ ಜನ ತರಲು ಏಜೆಂಟನಿಗೆ, ರೈಲಿಗೆ, ವಸತಿಗೆ ಖರ್ಚು ಮಾಡುವ ಮಾಲೀಕರು ಆ ದುಡ್ಡನ್ನು ಊರಿನವರ ಕೂಲಿಗೇ ಸೇರಿಸಬಾರದೇ? ಹೊಸಬರೊಬ್ಬರಿಗೆ ಹೆಚ್ಚು ಕೊಟ್ಟರೆ ಹಳಬರೆಲ್ಲರಿಗೂ ಏರಿಸಬೇಕಲ್ಲ, ತೊಡಕು ಅಲ್ಲೇ!

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಆದರೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ; ನಮ್ಮ ಕಡೆ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಬೆಳಿಗ್ಗೆ, ಸಂಜೆ ಕೆಲಸದ ಹೊತ್ತಿಗೆ ಸರ್ಕಾರಿ ಬಸ್ಸು ಓಡಿದರೆ ಇನ್ನೆರಡು ಕಾರ್ಖಾನೆ ಹತ್ತಿರವಾದೀತು. ಆಗ ಧಣಿಯೂ ದರ ಕೇಳಿಯೇ ಮಾತಾಡಬೇಕಾದೀತು.