ಕೋಚ್ ಓಡೋ ಹಾಗಿಲ್ಲ

ಸ್ಕೀಯಿಂಗ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಬೆಟ್ಟದ ತುದಿಯಿಂದ ಸೊಯ್ಯಂತ ಜಾರಿ ಬರೋ ದೃಶ್ಯ. ಕ್ರಾಸ್ ಕಂಟ್ರಿ ಸ್ಕೀಯಿಂಗ್ ಅದಲ್ಲ. ಇಲ್ಲಿ ಇಳಿಜಾರಿನಷ್ಟೇ ಏರೂ ಇರುತ್ತದೆ, ಅದನ್ನು ಸ್ವಂತ ಕೈಕಾಲಿನ ಬಲದಲ್ಲೇ ಹತ್ತಬೇಕು. ಗೆರೆ ದಾಟಿದವರು ಹಿಮದ ಮೇಲೆ ದೊಪ್ಪನೆ ಬೀಳುವುದು ನಾಟಕ ಅಲ್ಲ, ನಿಜಕ್ಕೂ ನಿಲ್ಲೋಕೆ ಆಗಲ್ಲ.

ಈ ಆಟದಲ್ಲಿ ನನ್ನ ಕುತೂಹಲ ಕೆರಳಿಸಿದವರು ಜರ್ಮನಿಯ ಪೀಟರ್ ಶ್ಲಿಕನ್‌ರೀಡರ್. 1970ರಲ್ಲಿ ಬವೇರಿಯಾದ ಟೇಗರ್ನ್‌ಸೀಯಲ್ಲಿ ಹುಟ್ಟಿದವರು. ನಾರ್ವೆಯ ದೈತ್ಯರ ಸಾಲಿನಲ್ಲಿ ನಿಲ್ಲಿಸುವಂಥ ಚಾಂಪಿಯನ್ ಏನಲ್ಲ. ಆದರೆ 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಸ್ಪ್ರಿಂಟ್ ಅನ್ನು ಮೊದಲ ಸಲ ಸೇರಿಸಿದರು. ಬರೀ ಒಂದೂವರೆ ಕಿಲೋಮೀಟರ್. ಮೊದಲು ಗಡಿಯಾರದ ಜೊತೆ ಪೈಪೋಟಿ, ಆಮೇಲೆ ಸುತ್ತಿನಿಂದ ಸುತ್ತಿಗೆ ಒಬ್ಬರನ್ನೊಬ್ಬರು ಹೊರದಬ್ಬೋ ಓಟ. ಫೈನಲ್ ಮುಟ್ಟಬೇಕಾದರೆ ಒಂದೇ ದಿನ ನಾಲ್ಕು ಸಲ ಜೀವ ಬಿಟ್ಟು ಓಡಬೇಕು. ಇದು ಹುಡುಗರ ಆಟ ಅನ್ನಿಸುತ್ತದಲ್ವಾ? 32ರ ಶ್ಲಿಕನ್‌ರೀಡರ್ ಬೆಳ್ಳಿ ಗೆದ್ದರು. ಚಿನ್ನ ನಾರ್ವೆಯ ಟೂರ್ ಆರ್ನೆ ಹೆಟ್ಲಾಂಡ್‌ಗೆ.

ಓಟ ಬಿಟ್ಟ ಮೇಲೆ ಅವರು ಜರ್ಮನಿಯ ಎಆರ್‌ಡಿ ಟೀವಿಯಲ್ಲಿ ತಜ್ಞರಾಗಿ ಕೂತರು. ಆ ಕಾಲದ ತಂಡಕ್ಕೆ ಇನ್ನೊಬ್ಬ ಮಾಜಿ ಓಟಗಾರ ಯೋಖೆನ್ ಬೆಹ್ಲೆ ಕೋಚ್. ಒಳ್ಳೆಯ ದಿನಗಳು ಅವು. 2010ರಲ್ಲಿ ಮಹಿಳೆಯರ ಟೀಮ್ ಸ್ಪ್ರಿಂಟ್ ಚಿನ್ನವೂ ಬಂತು. ಆಮೇಲೆ ಇಳಿಮುಖ. 2014ರಲ್ಲಿ ಒಂದು ಕಂಚು, 2018ರಲ್ಲಿ ಸೊನ್ನೆ. ಸೊನ್ನೆ ಬಂದ ಅದೇ ವರ್ಷ ಮೈಕ್ ಬಿಟ್ಟು ಕೋಚ್ ಆಗಲು ಶ್ಲಿಕನ್‌ರೀಡರ್ ಒಪ್ಪಿಕೊಂಡರು.

ಧೈರ್ಯ ಅಂದರೆ ಇದು ನೋಡಿ. ಕಾಮೆಂಟರಿಯಲ್ಲಿ ಯಾರು ಎಲ್ಲಿ ಎಡವಿದರು ಅಂತ ಹೇಳಿ ಮನೆಗೆ ಹೋಗಬಹುದು. ಕೋಚ್ ಆದರೆ ಎಡವಿದ್ದರ ಲೆಕ್ಕ ನಮ್ಮ ಹೆಸರಿಗೇ. ನಮ್ಮ ಐಟಿ ಕಡೆ ಚೆನ್ನಾಗಿ ಕೋಡ್ ಬರೆಯುವವರನ್ನು ಮ್ಯಾನೇಜರ್ ಮಾಡುತ್ತಾರೆ. ಡೆಡ್‌ಲೈನ್ ಹತ್ತಿರ ಬಂದರೆ ಅವರು ರಾತ್ರಿ ಕೂತು ತಂಡದ ಕೋಡನ್ನು ತಾವೇ ಬರೆದು ಹಾಕಿಬಿಡುತ್ತಾರೆ. ಸ್ಕೀ ಕೋಚ್‌ಗೆ ಆ ದಾರಿಯೂ ಇಲ್ಲ. ಏರಿನ ಪಕ್ಕದಲ್ಲಿ ನಿಂತು, ಮುಂದಿನವರು ಎಷ್ಟು ಸೆಕೆಂಡ್ ಮುಂದಿದ್ದಾರೆ ಅಂತ ಕೂಗಬಹುದು, ಅಷ್ಟೇ.

ಫಲ ಬೇಗ ಸಿಗಲಿಲ್ಲ. 2021ರ ವಿಶ್ವ ಚಾಂಪಿಯನ್‌ಷಿಪ್ ಜರ್ಮನಿಯದೇ ಊರಾದ ಓಬರ್ಸ್ಟ್‌ಡಾರ್ಫ್‌ನಲ್ಲಿ ನಡೆಯಿತು, ಕ್ರಾಸ್ ಕಂಟ್ರಿಯಲ್ಲಿ ಒಂದು ಪದಕವೂ ಇಲ್ಲ. ಮೂರು ಚಳಿಗಾಲ ಕಳೆದಿತ್ತು. ನಮ್ಮಲ್ಲಾಗಿದ್ದರೆ ಅಷ್ಟರಲ್ಲಿ ಮೂರು ಕೋಚ್ ಬದಲಾಗಿರುತ್ತಿದ್ದರು ಬಿಡಿ.

ಮರುವರ್ಷ ಬೀಜಿಂಗ್. ಫೆಬ್ರವರಿ 12ರಂದು ಮಹಿಳೆಯರ ರಿಲೇಯಲ್ಲಿ ಕಥೆರಿನ್ ಸೌವರ್‌ಬ್ರೈ, ಕಥರೀನಾ ಹೆನಿಗ್, ವಿಕ್ಟೋರಿಯಾ ಕಾರ್ಲ್, ಸೋಫಿ ಕ್ರೇಲ್ ಬೆಳ್ಳಿ ತಂದರು. ನಾಲ್ಕು ದಿನ ಬಿಟ್ಟು ಟೀಮ್ ಸ್ಪ್ರಿಂಟ್. ಇಬ್ಬರು ಸರದಿಯಂತೆ ತಲಾ ಮೂರು ಸುತ್ತು ಓಡಬೇಕು. ಅವತ್ತು ಕ್ಲಾಸಿಕ್ ಶೈಲಿ, ಅಂದರೆ ಸ್ಕೀ ಎರಡು ಸಮಾನಾಂತರ ಗೆರೆಯಲ್ಲೇ ಸಾಗಬೇಕು. ಸ್ಕೀ ನಡುವಿನ ಭಾಗಕ್ಕೆ ಹಚ್ಚುವ ಮೇಣ ಸರಿ ಇಲ್ಲದಿದ್ದರೆ ಏರಿನಲ್ಲಿ ಕಾಲು ಹಿಂದಕ್ಕೆ ಜಾರುತ್ತದೆ. ಹೆಚ್ಚಾದರೆ ಇಳಿಜಾರಿನಲ್ಲಿ ಹಿಮಕ್ಕೆ ಅಂಟಿ ವೇಗ ಸಾಯುತ್ತದೆ. ತೆರೆಮರೆಯ ಕೆಲಸದವರು ಗೆಲ್ಲಿಸುವುದೂ ಸೋಲಿಸುವುದೂ ಇಲ್ಲೇ.

ಹೆನಿಗ್ ಮತ್ತು ಕಾರ್ಲ್ ಚಿನ್ನದ ನೆಚ್ಚಿನ ಜೋಡಿ ಆಗಿರಲಿಲ್ಲ. ಸ್ವೀಡನ್‌ನ ಕೊನೆಯ ಸುತ್ತಿಗೆ ಯೊನ್ನಾ ಸುಂಡ್ಲಿಂಗ್ ಇದ್ದರು. ಕೆಲವೇ ದಿನ ಮುಂಚೆ ಒಲಿಂಪಿಕ್ ಸ್ಪ್ರಿಂಟ್ ಗೆದ್ದಾಕೆ. ರಷ್ಯಾದ ಕಡೆಯಿಂದ ನಟಾಲಿಯಾ ನೆಪ್ರ್ಯಾಯೆವಾ. ಮೂವರೂ ಹತ್ತಿರ ಹತ್ತಿರವಾಗಿ ಕೊನೆಯ ನೇರ ದಾರಿಗೆ ಬಂದರು. ಅಲ್ಲಿ ಕಾರ್ಲ್ ಇಬ್ಬರನ್ನೂ ಹಿಂದಿಕ್ಕಿ ಗೆರೆ ದಾಟಿಬಿಟ್ಟಳು. ಹನ್ನೆರಡು ವರ್ಷದ ನಂತರ ಜರ್ಮನಿಗೆ ಮತ್ತೆ ಅದೇ ಓಟದ ಚಿನ್ನ.

ಇಪ್ಪತ್ತು ವರ್ಷದ ಹಿಂದೆ ಸ್ವಂತ ಕಾಲಲ್ಲಿ ಓಡಿಯೂ ಬೆಳ್ಳಿಗೆ ನಿಂತ ಮನುಷ್ಯ ಅವತ್ತು ಬೇಲಿಯ ಈಚೆ ಇದ್ದರು. ಅಂದು ಫೆಬ್ರವರಿ 16, ಅವರ 52ನೇ ಹುಟ್ಟುಹಬ್ಬ.