ಸೊಂಟಕ್ಕೆ ಬೆಲ್ಟ್ ಬಿಗಿದರೆ ಸಿಮೆಂಟ್ ಚೀಲ ಹಗುರಾಗುತ್ತದೆಯೇ?

‘ಭಾರ ಎತ್ತುವವರು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳಿ, ಬೆನ್ನುನೋವು ಹತ್ತಿರ ಸುಳಿಯುವುದಿಲ್ಲ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಈಚೆಗೆ ಬೆಲ್ಟ್ ‘ಸ್ಮಾರ್ಟ್’ ಕೂಡ ಆಗಿದೆ. ಅದರಲ್ಲಿ ಸೆನ್ಸರ್ ಇರುತ್ತದೆ, ಹೆಚ್ಚು ಬಾಗಿದರೆ ಬೀಪ್ ಎನ್ನುತ್ತದೆ.

ವಾಡಿ, ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಕಡೆಯವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ನೆಲದಡಿಯ ಸುಣ್ಣದಕಲ್ಲನ್ನು ನಂಬಿದ ಊರುಗಳಿವು. ಸಿಮೆಂಟ್ ಕಾರ್ಖಾನೆ, ಫರ್ಸಿ ಗಣಿ, ಪಾಲಿಶ್ ಯೂನಿಟ್, ಜೊತೆಗೆ ತೊಗರಿಯ ಮೂಟೆ. ದೊಡ್ಡ ಕಾರ್ಖಾನೆಗಳಲ್ಲಿ ಚೀಲ ತುಂಬುವುದು ಯಂತ್ರ, ಸಾಗಿಸುವುದು ಕನ್ವೇಯರ್. ಗೇಟು ದಾಟಿದ ಮೇಲೆ ಗೋದಾಮು, ಅಂಗಡಿಗಳಲ್ಲಿ ಅದೇ 50 ಕೆಜಿ ಚೀಲ ಹಮಾಲರ ಬೆನ್ನಿಗೇ ಬರುತ್ತದೆ.

ಬೆಲ್ಟ್ ಕೆಲಸ ಮಾಡುತ್ತದೆಯೇ? ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಯೋಷ್ 1994ರಲ್ಲೇ, ಆರೋಗ್ಯವಂತ ಕಾರ್ಮಿಕರನ್ನು ಬೆಲ್ಟ್ ಕಾಪಾಡುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು. 2000ದಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ 160 ಮಳಿಗೆಗಳ 9,377 ನೌಕರರ ಅಧ್ಯಯನ ಬಂತು. ಬೆಲ್ಟ್ ಕಟ್ಟಿದವರಿಗೂ ಕಟ್ಟದವರಿಗೂ ಬೆನ್ನುನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಡಿ’ ಎನ್ನುವ ತರಬೇತಿಯ ಕಥೆಯೂ ಹೆಚ್ಚುಕಮ್ಮಿ ಇದೇ. ಬರೀ ತರಬೇತಿಯಿಂದ ಬೆನ್ನುನೋವು ತಪ್ಪುವುದಿಲ್ಲ ಎಂದು 2011ರ ಕಾಕ್ರೇನ್ ವಿಮರ್ಶೆ ಹೇಳಿತು. (ಪೆಟ್ಟಾದ ಮೇಲೆ ಡಾಕ್ಟರು ಬರೆದುಕೊಟ್ಟ ಬೆಲ್ಟ್‌ನ ಮಾತು ಬೇರೆ, ಅದನ್ನು ಬಿಸಾಡಬೇಡಿ.)

ಹಾಗಾದರೆ ಬೆನ್ನು ಉಳಿಸುವುದು ಯಾವುದು? ಉತ್ತರ ಭಾರ ಇರುವ ಜಾಗದಲ್ಲಿದೆ. ನಯೋಷ್‌ನ ಲೆಕ್ಕದ ಸೂತ್ರವೊಂದಿದೆ. ವಸ್ತು ಸೊಂಟದ ಎತ್ತರದಲ್ಲಿ, ಅಂದರೆ ನೆಲದಿಂದ 75 ಸೆಂಟಿಮೀಟರ್ ಮೇಲೆ, ಮೈಗೆ ಹತ್ತಿರ ಇದ್ದು, ಮೈ ತಿರುಚದೆ ಅಪರೂಪಕ್ಕೆ ಎತ್ತುವುದಾದರೆ ಮಿತಿ 23 ಕೆಜಿ. ಅದೇ ವಸ್ತು ನೆಲದ ಮೇಲಿದ್ದರೆ ಮಿತಿ ಸುಮಾರು 18ಕ್ಕೆ ಇಳಿಯುತ್ತದೆ. ಜೊತೆಗೆ ಮೈಯಿಂದ 50 ಸೆಂಟಿಮೀಟರ್ ದೂರವೂ ಇದ್ದರೆ 9ಕ್ಕೆ. ನಮ್ಮ ಚೀಲ 50 ಕೆಜಿ! ಬೆಲ್ಟ್ ಇದರಲ್ಲಿ ಒಂದು ಅಂಕಿಯನ್ನೂ ಬದಲಿಸುವುದಿಲ್ಲ. ಸೆನ್ಸರ್ ಬೀಪ್ ಎನ್ನಬಹುದು, ಆದರೆ ಚೀಲ ನೆಲದ ಮೇಲಿದ್ದರೆ ಹಮಾಲ ಬೀಪ್ ಕೇಳಿಸಿಕೊಂಡೇ ಬಾಗಬೇಕು.

ಎರ್ಗನಾಮಿಕ್ಸ್ ಎಂಬ ದೊಡ್ಡ ಹೆಸರಿನ ವಿದ್ಯೆ ಹೇಳುವುದು ಇದನ್ನೇ: ಮನುಷ್ಯನನ್ನು ಕೆಲಸಕ್ಕೆ ಬಗ್ಗಿಸಬೇಡಿ, ಕೆಲಸವನ್ನು ಮನುಷ್ಯನ ಎತ್ತರಕ್ಕೆ ತನ್ನಿ. ಪಾಲಿಶ್ ಯೂನಿಟ್‌ನಲ್ಲಿ ಫರ್ಸಿಯನ್ನು ನೆಲಕ್ಕೆ ಒರಗಿಸುವ ಬದಲು ಸೊಂಟದೆತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ನಿಲ್ಲಿಸಬಹುದು. ಕಲ್ಲು ಜಾರಿಸಲು ರೋಲರ್ ಹಾಕಬಹುದು, ಗೋದಾಮಿನಲ್ಲಿ ಚೀಲಗಳ ಕೆಳಗೆ ಮರದ ಕಟ್ಟೆ, ಸಾಗಿಸಲು ಕೈಗಾಡಿ ಇಡಬಹುದು. ಇವು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುವ ಕೆಲಸ, ಆ್ಯಪ್ ಬೇಕಿಲ್ಲ. ಸೆನ್ಸರ್‌ಗೂ ಉಪಯೋಗವಿದೆ. ಯಾವ ಜಾಗದಲ್ಲಿ ಜನ ದಿನಕ್ಕೆ ಎಷ್ಟು ಸಲ ಬಾಗುತ್ತಾರೆಂದು ಅದು ಲೆಕ್ಕ ಕೊಡುತ್ತದೆ. ಆ ಲೆಕ್ಕ ನೋಡಿ ಮೇಜು ಬದಲಾಯಿಸಿದರೆ ಸರಿ. ಕಾರ್ಮಿಕನನ್ನು ಗದರಿಸಲು ಬಳಸಿದರೆ ಅದು ಇನ್ನೊಬ್ಬ ಮೇಸ್ತ್ರಿ, ಅಷ್ಟೇ.

‘ಲೀನ್’ ಉತ್ಪಾದನೆಯ ಬಗ್ಗೆಯೂ ಒಂದು ಮಾತು. ಟೊಯೊಟಾ ಕಾರ್ಖಾನೆಯಲ್ಲಿ ಬೆಳೆದ ಈ ಪದ್ಧತಿ ಅನಗತ್ಯ ಓಡಾಟ, ಅನಗತ್ಯ ಸಾಗಾಟವನ್ನು ನಷ್ಟ ಎಂದು ಎಣಿಸುತ್ತದೆ. ಕಲ್ಲನ್ನು ಮೂರು ಸಲ ಎತ್ತಿಳಿಸುವ ಕಡೆ ಒಂದೇ ಸಲ ಸಾಕಾದರೆ ಮಾಲೀಕನ ಖರ್ಚೂ ಕಾರ್ಮಿಕನ ಬೆನ್ನೂ ಉಳಿಯುತ್ತವೆ. ಆದರೆ ಬರಿಗೈಯಲ್ಲಿ ವಾಪಸು ನಡೆಯುವ ಆ ಹತ್ತು ಹೆಜ್ಜೆ ಹಮಾಲನಿಗೆ ವಿಶ್ರಾಂತಿಯೂ ಹೌದು. ಅದನ್ನೂ ಕತ್ತರಿಸಿ ವೇಗ ಹೆಚ್ಚಿಸಿದರೆ ಲಾಭ ತಿರುಗುಬಾಣ. ದಿನವಿಡೀ ನಿಮಿಷಕ್ಕೆ ನಾಲ್ಕು ಸಲ ಎತ್ತುವುದಾದರೆ, ಮೇಲಿನ ಆದರ್ಶ 23 ಕೆಜಿಯೇ 10ರ ಆಸುಪಾಸಿಗೆ ಬರುತ್ತದೆ.

‘ನಮ್ಮವರಿಗೆ ರೂಢಿ ಆಗ್ಯದ ಬಿಡ್ರಿ’ ಎನ್ನುವವರೂ ಇದ್ದಾರೆ. ರೂಢಿಯಿಂದ ಬಲಿಯುವುದು ಸ್ನಾಯು. ಬೆನ್ನೆಲುಬಿನ ಮೂಳೆಗಳ ನಡುವಿನ ಡಿಸ್ಕ್‌ಗೆ ರಕ್ತ ಪೂರೈಕೆ ತೀರಾ ಕಡಿಮೆ, ಒಮ್ಮೆ ಹರಿದರೆ ದುರಸ್ತಿ ನಿಧಾನ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ನೇ ಹೇಳಿತ್ತು. ಆದರೆ ಕೂಲಿ ಚೀಲದ ಲೆಕ್ಕದಲ್ಲಿ ಸಿಗುವ ಕಡೆ, ಬೆನ್ನು ನೋಯುತ್ತಿದ್ದರೂ ಇನ್ನೊಂದು ಚೀಲ ಎತ್ತುವುದನ್ನು ಯಾವ ಬೆಲ್ಟ್ ತಡೆದೀತು?