ಡೇಟಾ ಸೆಂಟರ್ ಕೆಲಸ: ಕಡಿಮೆ ಸಂಬಳಕ್ಕೆ ಸೇರಿದರೆ ಐಟಿಯಲ್ಲಿ ಮೇಲೆ ಬರಬಹುದೇ?

ಡೇಟಾ ಸೆಂಟರ್‌ನಲ್ಲಿ ಕೆಲಸ ಖಾಲಿ ಇದೆ, ಅನುಭವ ಬೇಡ, ಒಂದೇ ವರ್ಷದಲ್ಲಿ ಕ್ಲೌಡ್ ಎಂಜಿನಿಯರ್ ಆಗಬಹುದು ಎನ್ನುವಂಥ ಸಂದೇಶಗಳು ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುತ್ತಿರುತ್ತವೆ. ಅದೇ ಗುಂಪುಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತೂ ಬರುತ್ತದೆ: ಅದು ರಾತ್ರಿ ಕಾವಲು ಕಾಯುವ ಕೆಲಸ, ಸರ್ವರ್‌ಗಳ ವಿಕಿರಣದಿಂದ ಆರೋಗ್ಯ ಕೆಡುತ್ತದೆ, ಓದಿದ್ದೆಲ್ಲ ದಂಡ. ಬಿಸಿಎ ಅಥವಾ ಡಿಪ್ಲೊಮಾ ಮುಗಿಸಿ, ವರ್ಷಕ್ಕೆ 2.4 ಲಕ್ಷದ ಆಫರ್ ಲೆಟರ್ ಕೈಯಲ್ಲಿ ಹಿಡಿದು, ಸೇರಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಇವೆರಡರಿಂದಲೂ ಪ್ರಯೋಜನವಿಲ್ಲ. ಆ ಕೆಲಸದಲ್ಲಿ ಏನಿದೆ ಎಂದು ನೋಡೋಣ.

ಮೊದಲು ಒಂದು ಗೊಂದಲ ತಿಳಿಯಾಗಬೇಕು. ಡೇಟಾ ಎಂಟ್ರಿ ಬೇರೆ, ಡೇಟಾ ಸೆಂಟರ್ ಬೇರೆ. ಫಾರಂಗಳಲ್ಲಿರುವ ಮಾಹಿತಿಯನ್ನು ಟೈಪ್ ಮಾಡುವುದು ಡೇಟಾ ಎಂಟ್ರಿ. ನಮ್ಮ ಫೋಟೊ, ಬ್ಯಾಂಕ್ ಲೆಕ್ಕ, ಸಿನಿಮಾ ಟಿಕೆಟ್ ಎಲ್ಲವನ್ನೂ ಇಟ್ಟುಕೊಂಡಿರುವ ಸಾವಿರಾರು ಸರ್ವರ್‌ಗಳು ಹಗಲುರಾತ್ರಿ ಓಡುವ ಕಟ್ಟಡ ಡೇಟಾ ಸೆಂಟರ್. 'ಕ್ಲೌಡ್' ಎಂದು ನಾವು ಕರೆಯುವುದು ಇರುವುದು ಮೋಡದಲ್ಲಲ್ಲ, ಇಂಥ ಕಟ್ಟಡಗಳಲ್ಲೇ.

ಅಲ್ಲಿ ಮನುಷ್ಯರ ಕೈ ಯಾಕೆ ಬೇಕು ಎನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆಯೇ ಇದೆ. 2021ರ ಅಕ್ಟೋಬರ್ 4ರ ರಾತ್ರಿ 9 ಗಂಟೆ ದಾಟಿದ ಮೇಲೆ ವಾಟ್ಸ್‌ಆಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ನಿಂತುಹೋದವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡ್ ಕಂಪನಿಯ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತ್ತು. ದೂರದಲ್ಲಿ ಕೂತು ಸರಿಪಡಿಸಲು ಬೇಕಾದ ನೆಟ್‌ವರ್ಕ್ ಕೂಡ ಅದರ ಜೊತೆಗೇ ಹೋಗಿತ್ತು. ಕೊನೆಗೆ ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗೇ ಹೋಗಿ, ಒಂದೊಂದೇ ಭದ್ರತಾ ಹಂತ ದಾಟಿ, ಯಂತ್ರಗಳ ಮುಂದೆ ನಿಂತು ಕೆಲಸ ಮಾಡಬೇಕಾಯಿತು.

ದಿನನಿತ್ಯದ ಕೆಲಸ ಇಷ್ಟು ರೋಚಕವಾಗಿರುವುದಿಲ್ಲ. ಹೊಸದಾಗಿ ಸೇರಿದ ಟೆಕ್ನಿಷಿಯನ್ ಸರ್ವರ್‌ಗಳನ್ನು ರ‍್ಯಾಕ್‌ಗೆ ಕೂರಿಸುತ್ತಾನೆ, ಕೇಬಲ್ ಎಳೆದು ಲೇಬಲ್ ಅಂಟಿಸುತ್ತಾನೆ, ಕೆಟ್ಟ ಹಾರ್ಡ್ ಡಿಸ್ಕ್ ಬದಲಿಸುತ್ತಾನೆ, ಬಂದ ದೂರುಗಳ ಟಿಕೆಟ್ ಮುಗಿಸುತ್ತಾನೆ. ಎಸಿಯಲ್ಲಿ ಹಾಯಾಗಿ ಕೂತು ಮಾಡುವ ಕೆಲಸ ಎನ್ನುವುದು ಅರ್ಧ ಮಾತ್ರ ನಿಜ. ರ‍್ಯಾಕಿನ ಮುಂದೆ ತಣ್ಣಗಿದ್ದರೆ ಹಿಂದೆ ಸರ್ವರ್ ಉಗುಳುವ ಬಿಸಿಗಾಳಿ. ಕೂರುವುದಕ್ಕಿಂತ ಓಡಾಡುವುದೇ ಹೆಚ್ಚು.

ಮೂರು ಕೆಲಸಕ್ಕೆ ಒಂದೇ ಹೆಸರು

ಜಾಹೀರಾತಿನಲ್ಲಿ ಬರೀ 'ಡೇಟಾ ಸೆಂಟರ್ ಟೆಕ್ನಿಷಿಯನ್' ಎಂದಿರುತ್ತದೆ. ಒಳಗೆ ಹೋದರೆ ಮೂರು ಬೇರೆ ಬೇರೆ ದಾರಿಗಳಿವೆ. ಯುಪಿಎಸ್, ಜನರೇಟರ್, ಕೂಲಿಂಗ್ ನೋಡಿಕೊಳ್ಳುವವರದು ಒಂದು. ಐಟಿಐ, ಎಲೆಕ್ಟ್ರಿಕಲ್ ಡಿಪ್ಲೊಮಾದವರಿಗೆ ಇದು ಒಳ್ಳೆಯ ಜಾಗ, ಆದರೆ ಇಲ್ಲಿಂದ ಸಾಫ್ಟ್‌ವೇರ್ ಕಡೆ ದಾರಿ ಕಡಿಮೆ. ಸರ್ವರ್, ನೆಟ್‌ವರ್ಕ್ ಉಪಕರಣ ಮುಟ್ಟುವವರದು ಎರಡನೆಯದು. ಪರದೆ ನೋಡುತ್ತಾ ಕೂತು, ಅಲಾರ್ಮ್ ಬಂದಾಗ ಮೇಲಿನವರಿಗೆ ಫೋನ್ ಮಾಡುವ ಮಾನಿಟರಿಂಗ್ ಕೆಲಸ ಮೂರನೆಯದು.

ಐಟಿಯಲ್ಲಿ ಮುಂದೆ ಬರುವ ಆಸೆಯಿದ್ದವರು ಕೇಳಬೇಕಾದ ಪ್ರಶ್ನೆ 'ಸಂಬಳ ಎಷ್ಟು' ಎನ್ನುವುದರ ಜೊತೆಗೆ 'ನನ್ನ ಕೈಗೆ ಏನು ಕೊಡುತ್ತೀರಿ' ಎನ್ನುವುದು. ಸರ್ವರ್ ಬದಲಿಸುವವನಿಗೆ ಅದು ಯಾಕೆ ಕೆಟ್ಟಿತು ಎಂದು ಲಿನಕ್ಸ್‌ನಲ್ಲಿ ಲಾಗ್ ಓದುವ ಅವಕಾಶ ಇದ್ದರೆ ಅವನು ಸಿಸ್ಟಂ ಅಡ್ಮಿನ್ ಆಗುವ ದಾರಿಯಲ್ಲಿದ್ದಾನೆ. ಸ್ವಿಚ್‌ಗಳ ಕಾನ್ಫಿಗರೇಷನ್ ನೋಡಲು ಬಿಟ್ಟರೆ ಸಿಸಿಎನ್ಎ ಪರೀಕ್ಷೆಗೆ ಅರ್ಧ ತಯಾರಿ ಅಲ್ಲೇ ಆಗುತ್ತದೆ. ಅಲಾರ್ಮ್ ನೋಡಿ ಫೋನ್ ಮಾಡುವುದಷ್ಟೇ ಕೆಲಸವಾದರೆ ಮೂರು ವರ್ಷದ ನಂತರವೂ ರೆಸ್ಯೂಮೆಯಲ್ಲಿ ಬರೆಯಲು ಒಂದೇ ಸಾಲು ಇರುತ್ತದೆ. ಅಂಥ ಕೆಲಸ ಸಾಫ್ಟ್‌ವೇರ್‌ನ ಪಾಲಾಗುವುದೂ ಬೇಗ.

ಒಂದು ವರ್ಷದಲ್ಲಿ ಕ್ಲೌಡ್ ಎಂಜಿನಿಯರ್ ಎನ್ನುವ ಮಾತನ್ನು ನಾವು ನಂಬುವುದಿಲ್ಲ. ಕ್ಲೌಡ್ ಕೆಲಸದಲ್ಲಿ ಯಂತ್ರ ಕಣ್ಣಿಗೇ ಬೀಳುವುದಿಲ್ಲ, ಎಲ್ಲವೂ ಕಮಾಂಡ್ ಮತ್ತು ಸ್ಕ್ರಿಪ್ಟ್. ಕೇಬಲ್ ಜೋಡಿಸಿದ ಅನುಭವ ಅಲ್ಲಿಗೆ ತಾನಾಗಿ ಕರೆದೊಯ್ಯುವುದಿಲ್ಲ. ಲಿನಕ್ಸ್, ನೆಟ್‌ವರ್ಕಿಂಗ್, ಸ್ವಲ್ಪ ಪೈಥಾನ್ ಇವನ್ನು ಪಾಳಿ ಮುಗಿಸಿ ಬಂದು ಕಲಿಯಬೇಕು. ಲಿನಕ್ಸ್‌ಗೆ ದುಡ್ಡು ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪ್ ಸಾಕು. ಎನ್‌ಪಿಟಿಇಎಲ್‌ನಲ್ಲಿ ಪಾಠಗಳನ್ನು ಉಚಿತವಾಗಿ ನೋಡಬಹುದು, ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲೂ ಉಚಿತ ಕೋರ್ಸ್‌ಗಳಿವೆ. 80,000 ಕೊಟ್ಟು ಕೋರ್ಸ್ ಸೇರುವ ಮೊದಲು ಇವನ್ನು ಒಂದು ತಿಂಗಳು ಪ್ರಯತ್ನಿಸಿ ನೋಡುವುದು ಒಳ್ಳೆಯದು.

ಸಂಬಳದ ಲೆಕ್ಕ

2024ರ ಆಗಸ್ಟ್‌ನಲ್ಲಿ ಕಾಗ್ನಿಜೆಂಟ್ ಕಂಪನಿಯ 2.52 ಲಕ್ಷದ ಪ್ಯಾಕೇಜ್ ಜಾಲತಾಣಗಳಲ್ಲಿ ನಗೆಪಾಟಲಾಗಿತ್ತು. ಅದು ಮೂರು ವರ್ಷದ ಪದವಿ ಮುಗಿಸಿದವರಿಗೆ, ಎಂಜಿನಿಯರ್‌ಗಳಿಗೆ ಬೇರೆ ಎಂದು ಕಂಪನಿ ಹೇಳಿತು. ಫಾರ್ವರ್ಡ್‌ಗಳಲ್ಲಿ ಆ ಸ್ಪಷ್ಟನೆ ಸೇರಲಿಲ್ಲ. ಸ್ಪಷ್ಟನೆಯಿಂದ ಬಿಸಿಎ, ಬಿಎಸ್ಸಿ ಮಾಡಿದವರಿಗೆ ಸಮಾಧಾನವೇನೂ ಆಗುವುದಿಲ್ಲ, ಅದು ಬೇರೆ ಮಾತು.

ಇನ್ನು 2.4 ಲಕ್ಷದ ಆಫರ್ ತೆಗೆದುಕೊಳ್ಳೋಣ. ತಿಂಗಳಿಗೆ 20,000 ಎಂದು ಮನೆಯಲ್ಲಿ ಹೇಳಿಬಿಡುತ್ತೇವೆ. ಆದರೆ ಇದು ಸಿಟಿಸಿ, ಅಂದರೆ ನಿಮಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ. ಮೂಲ ವೇತನ 10,000 ಎಂದುಕೊಂಡರೆ ಕಂಪನಿಯ ಪಾಲಿನ ಪಿಎಫ್ 1,200, ಗ್ರಾಚ್ಯುಟಿಗೆ ಸುಮಾರು 480, ಇಎಸ್ಐಗೆ ಶೇ 3.25 ಇವೆಲ್ಲ ಅದರೊಳಗೇ ಹೋಗುತ್ತವೆ. ನಿಮ್ಮ ಪಾಲಿನ ಪಿಎಫ್ ಮತ್ತು ಇಎಸ್ಐ ಕಳೆದರೆ ಕೈಗೆ ಬರುವುದು ಸುಮಾರು 16,400. ಪಿಜಿ ಬಾಡಿಗೆ, ಊಟ, ಬಸ್ ಚಾರ್ಜ್ ಕೊಟ್ಟ ಮೇಲೆ ಮನೆಗೆ ಕಳಿಸಲು, ಶಿಕ್ಷಣ ಸಾಲ ಕಟ್ಟಲು ಏನು ಉಳಿಯುತ್ತದೆ ಎಂದು ಅವರವರೇ ಲೆಕ್ಕ ಹಾಕಬೇಕು. ಸಮುದ್ರದಡಿಯ ಇಂಟರ್ನೆಟ್ ಕೇಬಲ್‌ಗಳು ದಡ ಸೇರುವ ಮುಂಬೈ ಮತ್ತು ಚೆನ್ನೈಗಳಲ್ಲಿ ಡೇಟಾ ಸೆಂಟರ್‌ಗಳು ಹೆಚ್ಚು. ಆದ್ದರಿಂದ ನವಿ ಮುಂಬೈಗೆ ಹೋಗಿ ಎಂದರೆ ಬಾಡಿಗೆಯ ಲೆಕ್ಕವನ್ನು ಮತ್ತೆ ಮೊದಲಿಂದ ಹಾಕಬೇಕು.

ಇಎಸ್ಐ ಕಡಿತವನ್ನು ನಷ್ಟ ಎಂದುಕೊಳ್ಳಬೇಡಿ. 21,000 ರೂಪಾಯಿವರೆಗಿನ ವೇತನದವರಿಗೆ ಇರುವ ಈ ಯೋಜನೆಯಲ್ಲಿ ಅವಲಂಬಿತ ತಂದೆತಾಯಿಗೂ ಚಿಕಿತ್ಸೆ ಸಿಗುತ್ತದೆ. ಕಡಿತ ಮಾಡಿದ ಹಣ ನಿಜಕ್ಕೂ ಜಮೆಯಾಗುತ್ತಿದೆಯೇ ಎಂದು ಪಿಎಫ್ ಪಾಸ್‌ಬುಕ್‌ನಲ್ಲಿ ನೋಡುತ್ತಿರಬೇಕು, ಅಷ್ಟೆ. ಆರಂಭದ ಹುದ್ದೆಗಳಲ್ಲಿ ಅನೇಕವು ಗುತ್ತಿಗೆ ಏಜೆನ್ಸಿಯ ಮೂಲಕ ಬರುತ್ತವೆ. ಕಟ್ಟಡದ ಮೇಲಿನ ಹೆಸರು ಒಂದು, ಸಂಬಳ ಕೊಡುವವರ ಹೆಸರು ಇನ್ನೊಂದು. ಅನುಭವ ಪತ್ರ ಯಾರ ಹೆಸರಿನಲ್ಲಿ ಸಿಗುತ್ತದೆ ಎಂದು ಮೊದಲೇ ಕೇಳಿ.

ಕೈಗೆ ಸರ್ವರ್ ಅಥವಾ ನೆಟ್‌ವರ್ಕ್ ಸಿಗುತ್ತದೆ, ಮನೆಯವರು ನಿಮ್ಮ ಹಣಕ್ಕಾಗಿ ಕಾಯುತ್ತಿಲ್ಲ ಎಂದಾದರೆ ಎರಡು ವರ್ಷಕ್ಕೆ ಈ ಸಂಬಳ ಒಪ್ಪಬಹುದು ಎಂದು ನಮಗೆ ಅನಿಸುತ್ತದೆ. ಅದಕ್ಕಿಂತ ಹೆಚ್ಚು ಬೇಡ.

ವಿಕಿರಣದ ಭಯ ನಿಜವೇ?

ಇಲ್ಲ. ಸರ್ವರ್ ಎಂದರೆ ಪರದೆಯಿಲ್ಲದ ಕಂಪ್ಯೂಟರ್. ಎಕ್ಸ್‌ರೇಯಂಥ ವಿಕಿರಣ ಅದರಿಂದ ಹೊರಬರುವುದಿಲ್ಲ. ಇರುವ ಅಪಾಯಗಳು ಬೇರೆ: ಫ್ಯಾನ್‌ಗಳ ನಿರಂತರ ಶಬ್ದಕ್ಕೆ ಕಿವಿಯ ರಕ್ಷಣೆ ಬೇಕು, 25-30 ಕೆಜಿ ತೂಗುವ ಸರ್ವರನ್ನು ಒಬ್ಬರೇ ಎತ್ತಬಾರದು. ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ರಾತ್ರಿ ಪಾಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2019ರಲ್ಲಿ ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿನಲ್ಲೇ ಉಳಿಸಿತು. ಇದು ಪುರಾವೆ ಎಷ್ಟು ಗಟ್ಟಿ ಎನ್ನುವುದರ ವರ್ಗೀಕರಣ, ರಾತ್ರಿ ಕೆಲಸ ಮಾಡಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದಲ್ಲ. ನಿದ್ದೆ ಕೆಡುವುದಂತೂ ನಿಜ. ಪಾಳಿ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ಕ್ಯಾಬ್ ಇದೆಯೇ ಎನ್ನುವುದನ್ನು ಸೇರುವ ಮೊದಲೇ ಕೇಳಿಕೊಳ್ಳಿ.

ಕೊನೆಗೆ, ನೋಂದಣಿ ಶುಲ್ಕ, ಐಡಿ ಕಾರ್ಡ್ ಶುಲ್ಕ, ಟ್ರೇನಿಂಗ್ ಠೇವಣಿ ಎಂದು ಕೆಲಸ ಕೊಡುವ ಮೊದಲೇ ಹಣ ಕೇಳಿದರೆ ಕೊಡಬೇಡಿ. ಮೂಲ ಅಂಕಪಟ್ಟಿಯನ್ನೂ ಒಪ್ಪಿಸಬೇಡಿ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.